ಕೂಡಿಸಿ ಬರೆಯಲೇ, ಬಿಡಿಸಿ ಬರೆಯಲೇ

ಕಳೆದ ತಿಂಗಳು ನಾನು ಒಂದು ಸಂತಾಪದ ಪತ್ರ ಬರೆಯಬೇಕಾಗಿ ಬಂತು. ನನ್ನ ಮೊದಲ ಕೆಲಸದಲ್ಲಿ ನನ್ನನ್ನು ತಿದ್ದಿ ಬೆಳೆಸಿದ ಹಿರಿಯ ಸಹೋದ್ಯೋಗಿಯೊಬ್ಬರ ಪತಿ ತೀರಿಕೊಂಡಿದ್ದರು. ಸುದ್ದಿ ತಿಳಿದ ದಿನವೇ ಅವರೊಡನೆ ಫೋನಿನಲ್ಲಿ ಮಾತನಾಡಿದ್ದೆನಾದರೂ, ಹೇಳಬೇಕೆಂದುಕೊಂಡ ಯಾವ ಮಾತೂ ಆ ಹೊತ್ತಿನಲ್ಲಿ ಬಾಯಿಗೆ ಬಂದಿರಲಿಲ್ಲ. ಅವರಿಗೆ ಕನ್ನಡ ಬಾರದು; ನಮ್ಮ ಮಾತುಕತೆಯೆಲ್ಲ ಮೊದಲಿನಿಂದಲೂ ಇಂಗ್ಲಿಷಿನಲ್ಲಿಯೇ ನಡೆದಿತ್ತು, ಪತ್ರವನ್ನೂ ಇಂಗ್ಲಿಷಿನಲ್ಲಿಯೇ ಬರೆಯಬೇಕಿತ್ತು. ಒಳ್ಳೆಯ ಕಾಗದ ತೆಗೆದುಕೊಂಡು, ಶಾಯಿ ಪೆನ್ನು ತುಂಬಿಸಿಕೊಂಡು, ಶಾಲೆಯಲ್ಲಿ ನಾಲ್ಕು ಗೆರೆಯ ಪುಸ್ತಕದ ಮೇಲೆ ಕಲಿತ, ಒಂದಕ್ಕೊಂದು ಕೂಡಿಸಿ ಬರೆಯುವ ಕರ್ಸಿವ್ ಅಕ್ಷರಗಳಲ್ಲಿ ಬರೆಯತೊಡಗಿದೆ. ನಾಲ್ಕನೆಯ ಸಾಲಿಗೆ ಬಂದಾಗ ಕೈ ತಾನಾಗಿಯೇ ನಿಂತಿತು.

ನಿಲ್ಲಲು ಎರಡು ಕಾರಣಗಳಿದ್ದವು. ಅವರ ಕಣ್ಣಿನ ದೃಷ್ಟಿ ಈಚಿನ ವರ್ಷಗಳಲ್ಲಿ ಮಂದವಾಗಿದೆ. ದಪ್ಪ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿಕೊಳ್ಳಬಲ್ಲರು, ಅದೂ ಸ್ವಲ್ಪ ಹೊತ್ತು ಮಾತ್ರ. ಎರಡನೆಯದು, ಮನೆಗೆ ಬರುವ ಕಾಗದಪತ್ರಗಳನ್ನು ಈಗ ಅವರಿಗೆ ಓದಿ ಹೇಳುವವಳು ಅವರ ಹದಿಮೂರು ವರ್ಷದ ಮೊಮ್ಮಗಳು. ಆ ಹುಡುಗಿ ಕಲಿತದ್ದು ಬಿಡಿ ಅಕ್ಷರಗಳನ್ನು ಮತ್ತು ಕೀಲಿಮಣೆಯನ್ನು. ನಾನು ಬರೆದ ನಾಲ್ಕು ಸಾಲುಗಳನ್ನು ಅವಳ ಕಣ್ಣಿನಿಂದ ಓದಲು ಯತ್ನಿಸಿದೆ. ಅಜ್ಜಿಯ ಪಕ್ಕದಲ್ಲಿ ಕುಳಿತು, ತೀರಿಕೊಂಡ ತಾತನ ಬಗ್ಗೆ ಬಂದ ಪತ್ರವನ್ನು ಓದುತ್ತಿರುವ ಮಗು ಒಂದೊಂದು ಪದಕ್ಕೂ ತಡವರಿಸಿ, ಊಹಿಸಿ, ತಪ್ಪಾಗಿ ಓದಿ, ಮತ್ತೆ ತಿದ್ದಿಕೊಳ್ಳುವ ದೃಶ್ಯ ಕಣ್ಣ ಮುಂದೆ ಬಂತು. ಆ ಹಾಳೆಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಹಾಳೆಯ ಮೇಲೆ ಅದೇ ನಾಲ್ಕು ಸಾಲುಗಳನ್ನು ಬಿಡಿ ಅಕ್ಷರಗಳಲ್ಲಿ ಬರೆದೆ. ಅದನ್ನು ನೋಡಿದಾಗ ಬ್ಯಾಂಕಿಗೆ ಸಲ್ಲಿಸುವ ಅರ್ಜಿಯಂತೆ ಕಂಡಿತು. ಎರಡು ಹಾಳೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟುಕೊಂಡು ಆ ಸಂಜೆಯೆಲ್ಲ ಯೋಚಿಸುತ್ತ ಕುಳಿತೆ.

ಇಂತಹ ಪ್ರಶ್ನೆ ಕನ್ನಡದಲ್ಲಿ ಪತ್ರ ಬರೆಯುವಾಗ ನನಗೆ ಎದುರಾಗುವುದಿಲ್ಲ. ನಮ್ಮ ಲಿಪಿಯಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ತಲೆಕಟ್ಟು, ಕೊಂಬು, ಒತ್ತುಗಳೊಡನೆ ತಾನೇ ಒಂದು ಘಟಕವಾಗಿ ನಿಲ್ಲುತ್ತದೆ. ವೇಗವಾಗಿ ಬರೆಯುವವರ ಕೈಯಲ್ಲಿ ಒಂದು ಅಕ್ಷರದ ಬಾಲ ಮುಂದಿನದರ ತಲೆಗೆ ತಾಗುವುದುಂಟು, ಆದರೆ ಕೂಡಿಸಿಯೇ ಬರೆಯಬೇಕೆಂಬ ಒಂದು ಪ್ರತ್ಯೇಕ ಬರಹವನ್ನು ನಮಗೆ ಶಾಲೆಯಲ್ಲಿ ಕಲಿಸುವುದಿಲ್ಲ. ‘ದುಂಡಗೆ ಬರೆ’ ಎನ್ನುತ್ತಾರೆ, ಅಷ್ಟೇ. ರೋಮನ್ ಲಿಪಿಯಲ್ಲಿ ಬರೆಯುವವರಿಗೆ ಮಾತ್ರ ಒಂದೇ ಭಾಷೆಗೆ ಎರಡು ಕೈಗಳಿವೆ, ಮತ್ತು ಆಪ್ತರಿಗೆ ಬರೆಯಲು ಕುಳಿತಾಗಲೆಲ್ಲ ಯಾವ ಕೈಯಲ್ಲಿ ಬರೆಯಬೇಕೆಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಈ ಬರಹದಲ್ಲಿ ನಾನು ಅವುಗಳನ್ನು ಕೂಡುಬರಹ, ಬಿಡಿಬರಹ ಎಂದು ಕರೆಯುತ್ತೇನೆ.

ಕೂಡುಬರಹವೇ ಹಳೆಯದು, ಬಿಡಿಬರಹ ಮಕ್ಕಳ ಅನುಕೂಲಕ್ಕಾಗಿ ಬಂದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಅರ್ಧ ಮಾತ್ರ ಸರಿ. ಓಡುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಹೆಸರೇ ಹೇಳುವಂತೆ, ಕರ್ಸಿವ್ ಎಂದರೆ ಓಡುಬರಹ. ಓಡುವ ಅಗತ್ಯ ಇದ್ದಲ್ಲೆಲ್ಲ ಅದು ಹುಟ್ಟಿಕೊಂಡಿದೆ. ಆದರೆ ಇಂದು ನಾವು ಪುಸ್ತಕದಲ್ಲಿ ಓದುವ ಸಣ್ಣ ಬಿಡಿ ಅಕ್ಷರಗಳ ಮೂಲವೂ ಕೈಬರಹವೇ, ಅದೂ ಬಹಳ ಹಳೆಯದು: ಸುಮಾರು 800ರ ಹೊತ್ತಿಗೆ ಶಾರ್ಲಮೇನ್ ದೊರೆಯ ಆಳ್ವಿಕೆಯಲ್ಲಿ ನೆಲೆಗೊಂಡ ಸ್ಪಷ್ಟವಾದ, ಬಿಡಿಬಿಡಿಯಾದ ಅಕ್ಷರಗಳು. ಆರೇಳು ಶತಮಾನಗಳ ನಂತರ ಇಟಲಿಯ ವಿದ್ವಾಂಸರು ಆ ಅಕ್ಷರಗಳನ್ನು ಹಳೆಯ ಹಸ್ತಪ್ರತಿಗಳಲ್ಲಿ ಮತ್ತೆ ಕಂಡುಕೊಂಡು ತಮ್ಮದಾಗಿಸಿಕೊಂಡರು. 15ನೇ ಶತಮಾನದ ಆರಂಭದ ದಶಕಗಳಲ್ಲಿ ಫ್ಲಾರೆನ್ಸಿನ ನಿಕೊಲೊ ನಿಕೊಲಿ, ಪುಸ್ತಕಗಳನ್ನು ನಕಲು ಮಾಡುವ ತನ್ನ ಕೆಲಸಕ್ಕಾಗಿ, ಆ ಬಿಡಿ ಅಕ್ಷರಗಳನ್ನು ತುಸು ಓರೆಯಾಗಿಸಿ, ಸುಲಭವಾಗಿ ಕೂಡುವಲ್ಲಿ ಮಾತ್ರ ಕೂಡಿಸಿ ಬರೆಯತೊಡಗಿದ. ಅದೇ ಬರಹ ಮುಂದೆ ಪೋಪರ ಕಚೇರಿಯ ಪತ್ರಗಳಿಗೂ ಬಂತು. 1522ರಲ್ಲಿ ಆ ಕಚೇರಿಯ ಲಿಪಿಕಾರನೇ ಆಗಿದ್ದ ಲುಡೊವಿಕೊ ಅರಿಘಿ ಅದನ್ನು ಕಲಿಸುವ ಪುಟ್ಟ ಕೈಪಿಡಿಯೊಂದನ್ನು ಮರದ ಅಚ್ಚಿನಲ್ಲಿ ಹೊರತಂದ. ಅದಕ್ಕೂ ಮೊದಲೇ, 1501ರಲ್ಲಿ, ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಟಿಯಸ್ ಅಂತಹ ಓರೆ ಅಕ್ಷರಗಳನ್ನು ಲೋಹದಲ್ಲಿ ಎರಕ ಹೊಯ್ಯಿಸಿ ಇಡೀ ಪುಸ್ತಕವನ್ನು ಅಚ್ಚು ಹಾಕಿದ್ದ. ಕೈ ಅಚ್ಚನ್ನು ಅನುಕರಿಸಿತೋ, ಅಚ್ಚು ಕೈಯನ್ನು ಅನುಕರಿಸಿತೋ ಎಂದು ಕೇಳಿದರೆ, ಇಲ್ಲಿ ಅಚ್ಚೇ ಕೈಯ ಹಿಂದೆ ನಡೆದಿದೆ.

ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ನಿಕೊಲಿಯ ಆ ವಿಧಾನ. ಸುಲಭವಾಗಿ ಕೂಡುವಲ್ಲಿ ಮಾತ್ರ ಕೂಡಿಸುವುದು, ಉಳಿದಲ್ಲಿ ಲೇಖನಿಯನ್ನು ಎತ್ತುವುದು. ನಾವು ಶಾಲೆಯಲ್ಲಿ ಕಲಿತದ್ದು ಹಾಗಲ್ಲ. ಪದದ ಮೊದಲಿನಿಂದ ಕೊನೆಯವರೆಗೆ ಪೆನ್ನನ್ನು ಕಾಗದದಿಂದ ಎತ್ತಬಾರದೆಂಬುದು ನಮಗೆ ಹೇಳಿಕೊಟ್ಟ ಮೊದಲ ನಿಯಮ. ಅದು ಆಮೇಲಿನ ಕಾಲದ ನಿಯಮ. ತಾಮ್ರದ ತಗಡಿನ ಮೇಲೆ ಮೊನಚು ಉಳಿಯಿಂದ ಕೊರೆದು ಮುದ್ರಿಸಿದ ಮಾದರಿ ಪುಸ್ತಕಗಳು 17 ಮತ್ತು 18ನೇ ಶತಮಾನಗಳಲ್ಲಿ ಹರಡಿದವು; ಲಂಡನ್ನಿನ ಜಾರ್ಜ್ ಬಿಕಮ್ 1733ರಿಂದ 1741ರವರೆಗೆ ಕಂತುಕಂತಾಗಿ ಹೊರತಂದ ಮಾದರಿಗಳು ಅವುಗಳಲ್ಲಿ ಹೆಸರಾದವು. ಕೂದಲೆಳೆಯಷ್ಟು ತೆಳುವಾದ ಏರುಗೆರೆ, ಒತ್ತಿದ ಇಳಿಗೆರೆ, ಎಲ್ಲಿಯೂ ಕಡಿಯದ ಕುಣಿಕೆ. ಆ ಸೊಬಗನ್ನು ಮೊನಚಾದ ನಿಬ್ಬಿನಲ್ಲಿ ತರಲು ತಲೆಮಾರುಗಳು ಶ್ರಮಿಸಿದವು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಆಸ್ಟಿನ್ ಪಾಮರ್ ಆ ಒತ್ತಡದ ಏರಿಳಿತಗಳನ್ನು ತೆಗೆದುಹಾಕಿ, ಬೆರಳುಗಳ ಬದಲು ಇಡೀ ಮುಂಗೈಯನ್ನು ಚಲಿಸಿ ಬರೆಯುವ ವ್ಯಾಪಾರೀ ಬರಹವನ್ನು ರೂಪಿಸಿದ. ನಾವು ಕರ್ಸಿವ್ ಎಂದು ಕಲಿತದ್ದು ಬಹುಮಟ್ಟಿಗೆ ಈ ವಂಶದ್ದು. ಅದು ಹುಟ್ಟಿದ್ದು ಮನೆಯ ಆಪ್ತ ಪತ್ರಗಳಿಗಾಗಿ ಅಲ್ಲ. ಲೆಕ್ಕದ ಪುಸ್ತಕ, ವ್ಯವಹಾರದ ಪತ್ರ, ಗುಮಾಸ್ತರ ಮೇಜುಗಳಿಗಾಗಿ. ಟೈಪ್‌ರೈಟರ್ ಬಂದು ಆ ಮೇಜುಗಳನ್ನು ಆಕ್ರಮಿಸಿಕೊಂಡ ಮೇಲೆ ಕೂಡುಬರಹಕ್ಕೆ ಉಳಿದ ಮನೆ ಆಪ್ತರ ಪತ್ರವೊಂದೇ ಆಯಿತು. ಕೂಡುಬರಹ ಕಂಡೊಡನೆ ನಮಗೆ ಆಪ್ತತೆ ನೆನಪಾಗುವುದು ಈ ಕಾರಣದಿಂದಲೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಬಿಡಿಬರಹದ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಶಾಲೆಯ ಮಕ್ಕಳಿಗೆ ಅಚ್ಚಿನಂತಹ ಬಿಡಿ ಅಕ್ಷರಗಳನ್ನು ಮೊದಲು ಕಲಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸ ಮಾತ್ರ ಇದೆ. ಇಂಗ್ಲೆಂಡಿನಲ್ಲಿ ಅಗಲ ಮೊನೆಯ ಲೇಖನಿಯ ಕಲೆಗೆ ಮತ್ತೆ ಜೀವ ಕೊಟ್ಟ, 1906ರಲ್ಲಿ ಅದರ ಕೈಪಿಡಿಯನ್ನೂ ಬರೆದ ಎಡ್ವರ್ಡ್ ಜಾನ್‌ಸ್ಟನ್‌ನ ವಿಚಾರಗಳಿಂದ ಪ್ರೇರಣೆ ಪಡೆದು, 1910ರ ದಶಕದಲ್ಲಿ ಅಲ್ಲಿನ ಶಿಕ್ಷಕರು ವೃತ್ತ ಮತ್ತು ನೇರ ಗೆರೆಗಳಿಂದ ಕಟ್ಟಿದ ಸರಳ ಅಕ್ಷರಗಳನ್ನು ಮಕ್ಕಳಿಗೆ ಕಲಿಸತೊಡಗಿದರು. ಮಗು ಓದುವ ಅಕ್ಷರ ಮತ್ತು ಬರೆಯುವ ಅಕ್ಷರ ಒಂದೇ ಆಗಿರಲಿ ಎಂಬ ಮೃದುವಾದ ಆಲೋಚನೆ ಅದರ ಹಿಂದಿತ್ತು. ಹತ್ತೇ ವರ್ಷಗಳಲ್ಲಿ ಅದು ಅಟ್ಲಾಂಟಿಕ್ ದಾಟಿತು. ಮಗುವಿನ ಮೇಲಿನ ಕರುಣೆಯಿಂದ ಹುಟ್ಟಿದ ಆ ಬರಹವನ್ನು ಈಗ ನಾವು ದೊಡ್ಡವರು ಎದುರಾಗುವುದು ಅರ್ಜಿ ನಮೂನೆಗಳ ಚೌಕಗಳಲ್ಲಿ. ಹೆಸರನ್ನು ಬಿಡಿ ಅಕ್ಷರಗಳಲ್ಲಿ ತುಂಬಿ ಎಂದು ಹೇಳಿಸಿಕೊಂಡು ತುಂಬಿದ ಕಾಗದಗಳ ನೆನಪು ನನ್ನ ಕೈಯಲ್ಲಿ ಎಷ್ಟಿದೆಯೆಂದರೆ, ಸಂತಾಪದ ಮಾತುಗಳನ್ನು ಅದೇ ಅಕ್ಷರಗಳಲ್ಲಿ ಬರೆದಾಗ ಅವೂ ಕಚೇರಿಯ ಬಣ್ಣ ಪಡೆದವು.

ಆದರೆ ಇದು ಅಕ್ಷರದ ದೋಷವೇ, ನನ್ನ ರೂಢಿಯ ದೋಷವೇ ಎಂದು ತಿಳಿಯಬೇಕಿತ್ತು. ಮರುದಿನ ಪತ್ರದ ಮಧ್ಯದ ಒಂದು ಪ್ಯಾರಾವನ್ನು, ಅವರ ಪತಿ ಒಮ್ಮೆ ನನ್ನನ್ನು ಮಳೆಯಲ್ಲಿ ರೈಲು ನಿಲ್ದಾಣದವರೆಗೆ ಕೊಡೆ ಹಿಡಿದು ಬಿಟ್ಟುಬಂದ ನೆನಪನ್ನು, ಎರಡೂ ಬಗೆಯಲ್ಲಿ ಹೊಸದಾಗಿ ಬರೆದೆ. ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಲಿಲ್ಲ. ಫಲ ನನ್ನನ್ನು ಬೆರಗುಗೊಳಿಸಿತು. ಕೂಡುಬರಹದಲ್ಲಿ ಬರೆದ ನೆನಪು ಒಂದೇ ಉದ್ದವಾದ ವಾಕ್ಯವಾಗಿ ಹರಿದಿತ್ತು. ಮಳೆ, ಕೊಡೆ, ನಾನು ಬೇಡವೆಂದದ್ದು, ಅವರು ಕೇಳದೆ ಬಂದದ್ದು, ಹಿಂದಿರುಗುವಾಗ ಅವರ ಒಂದು ಭುಜ ಪೂರ್ತಿ ನೆನೆದಿದ್ದದ್ದು, ಎಲ್ಲವೂ ಒಂದಕ್ಕೊಂದು ‘ಮತ್ತು’ಗಳಿಂದ ಕೂಡಿಕೊಂಡು ಬಂದಿದ್ದವು. ಬಿಡಿಬರಹದಲ್ಲಿ ಅದೇ ನೆನಪು ಐದು ಚಿಕ್ಕ ವಾಕ್ಯಗಳಾಗಿತ್ತು, ಮತ್ತು ಬರೆಯುವ ವೇಗ ತಗ್ಗಿದ್ದರಿಂದಲೋ ಏನೋ, ಆ ನೆನೆದ ಭುಜ ಎಡಗಡೆಯದೆಂಬುದು ಕೂಡ ನೆನಪಿಗೆ ಬಂದಿತ್ತು. ಒಂದರಲ್ಲಿ ಹರಿವಿತ್ತು, ಇನ್ನೊಂದರಲ್ಲಿ ನೋಟವಿತ್ತು. ಇದನ್ನು ಎಲ್ಲರಿಗೂ ಅನ್ವಯಿಸುವ ನಿಯಮವೆಂದು ನಾನು ಹೇಳಲಾರೆ. ನನ್ನ ಕೈ ಮತ್ತು ನನ್ನ ಮನಸ್ಸಿನ ನಡುವೆ ಹಾಗೆ ನಡೆಯಿತು. ಆದರೆ ಅಲ್ಲಿಯವರೆಗೆ ಕೇವಲ ಉಡುಪೆಂದುಕೊಂಡಿದ್ದ ಅಕ್ಷರದ ಬಗೆ, ಬರೆಯುವ ವಿಷಯದೊಳಕ್ಕೂ ಕೈ ಚಾಚುತ್ತದೆಂದು ನನಗೆ ಅಂದು ಮನದಟ್ಟಾಯಿತು.

ಎರಡು ದಿನ ಬಿಟ್ಟು, ಬರೆದದ್ದು ಮನಸ್ಸಿನಲ್ಲಿ ತುಸು ಮಾಸಿದ ಮೇಲೆ, ಎರಡೂ ಹಾಳೆಗಳನ್ನು ತೋಳಿನ ದೂರದಲ್ಲಿ ಹಿಡಿದು ಓದಿದೆ. ತನ್ನ ಅಕ್ಷರವನ್ನು ಪರೀಕ್ಷಿಸಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ತಿಳಿದಿಲ್ಲ; ಬರೆದ ಕೂಡಲೇ ಓದಿದರೆ ಕಣ್ಣು ಓದುವುದು ನೆನಪನ್ನು, ಕಾಗದವನ್ನಲ್ಲ. ನನ್ನ ಕೂಡುಬರಹದಲ್ಲಿ ‘ಎನ್’ ಮತ್ತು ‘ಯು’ ಒಂದೇ ಆಗಿದ್ದವು. ‘ಆರ್’ ಎಂಬುದು ‘ವಿ’ಯೂ ಆಗಬಹುದಿತ್ತು. ‘ಓ’, ‘ಬಿ’, ‘ಡಬ್ಲ್ಯು’ಗಳಂತಹ ಅಕ್ಷರಗಳು ಮುಂದಿನ ಅಕ್ಷರಕ್ಕೆ ಕೆಳಗಿನಿಂದಲ್ಲ, ಮೇಲಿನಿಂದ ಸೇತುವೆ ಹಾಕುತ್ತವೆ, ಅಂತಹ ಕಡೆಗಳಲ್ಲೆಲ್ಲ ಮುಂದಿನ ಅಕ್ಷರದ ಆಕಾರ ಕುಸಿದಿತ್ತು. ಈ ತೊಡಕು ಹೊಸದಲ್ಲ. ‘ಮಿನಿಮಮ್’ ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಒತ್ತೊತ್ತಾಗಿ ಬರೆದರೆ ಒಂದೇ ಬಗೆಯ ಹದಿನೈದು ಚಿಕ್ಕ ಇಳಿಗೆರೆಗಳು ಬೇಲಿಯಂತೆ ನಿಲ್ಲುತ್ತವೆ. ಆ ಬೇಲಿಯಲ್ಲಿ ‘ಐ’ ಎಲ್ಲಿದೆಯೆಂದು ತೋರಿಸಲೆಂದೇ ಮಧ್ಯಯುಗದ ಲಿಪಿಕಾರರು ಅದರ ತಲೆಯ ಮೇಲೆ ಪುಟ್ಟ ಗೀರು ಎಳೆಯತೊಡಗಿದರು, ಅದೇ ಇಂದಿನ ಚುಕ್ಕಿ. ಓದುವವನ ಮೇಲಿನ ಕಾಳಜಿಯಿಂದ ಹುಟ್ಟಿದ ಆ ಚುಕ್ಕಿಯನ್ನು ನಾನು ಅವಸರದಲ್ಲಿ ಎರಡಕ್ಷರ ಮುಂದಕ್ಕೆ ಇಟ್ಟಿದ್ದೆ.

ವೇಗದ ವಿಷಯ ಬೇಗ ಮುಗಿಯುತ್ತದೆ. ಕೂಡಿಸಿ ಬರೆದರೆ ಬೇಗ ಬರೆಯಬಹುದೆಂಬುದು ನಾವೆಲ್ಲ ಕೇಳಿಕೊಂಡು ಬಂದ ಮಾತು. ಪೆನ್ನು ಎತ್ತುವ ಸಮಯ ಉಳಿಯುತ್ತದೆ, ನಿಜ. ಆದರೆ ಕೊಂಡಿಗಳಿಗೂ ಕುಣಿಕೆಗಳಿಗೂ ಗೆರೆ ಹೆಚ್ಚು ದೂರ ಸಾಗಬೇಕು. ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು ಶಾಲಾ ಮಕ್ಕಳ ಬರಹವನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ತಿ ಕೂಡಿಸಿ ಬರೆಯುವವರಿಗಿಂತಲೂ ಪೂರ್ತಿ ಬಿಡಿಸಿ ಬರೆಯುವವರಿಗಿಂತಲೂ ಎರಡನ್ನೂ ಬೆರೆಸಿ ಬರೆಯುವವರೇ ಹೆಚ್ಚು ವೇಗವಾಗಿ ಬರೆದಿದ್ದರು. ಹೇಗಿದ್ದರೂ ಆಪ್ತರಿಗೆ ಬರೆಯುವ ಪತ್ರದಲ್ಲಿ ಉಳಿಸಿದ ನಾಲ್ಕು ನಿಮಿಷಗಳಿಗೆ ಬೆಲೆಯಿಲ್ಲ.

ಪೆನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೂಡುಬರಹ ರೂಪುಗೊಂಡದ್ದು ದ್ರವದಂತಹ ಶಾಯಿ, ಕಾಗದವನ್ನು ಮುಟ್ಟಿದರೆ ಸಾಕು ಹರಿಯುವ ನಿಬ್ಬು, ಇವುಗಳ ಕಾಲದಲ್ಲಿ. 1930ರ ದಶಕದ ಕೊನೆಗೆ ಲಾಸ್ಲೊ ಬಿರೊ ಪೇಟೆಂಟ್ ಪಡೆದು, ಮಹಾಯುದ್ಧದ ನಂತರ ಲೋಕವನ್ನೆಲ್ಲ ತುಂಬಿದ ಬಾಲ್ ಪೆನ್ನಿನ ಶಾಯಿ ಗಟ್ಟಿ. ಗುಂಡು ಉರುಳಬೇಕಾದರೆ ಪೆನ್ನನ್ನು ನೆಟ್ಟಗೆ ಹಿಡಿದು ಒತ್ತಬೇಕು. ಒತ್ತುತ್ತಲೇ ಒಂದು ಇಡೀ ಪದವನ್ನು ಎಳೆಯುವುದು ಬೆರಳುಗಳಿಗೆ ಆಯಾಸ. ಕೂಡುಬರಹ ಬರೆಯಲಾರೆನೆಂದು ಕೈಚೆಲ್ಲಿದ ಅನೇಕರು ಸೋತದ್ದು ಅಕ್ಷರಕ್ಕಲ್ಲ, ತಮ್ಮ ಪೆನ್ನಿಗೆ. ಎಡಗೈಯಲ್ಲಿ ಬರೆಯುವವರ ಕಷ್ಟ ಇನ್ನೂ ಬೇರೆ: ಬಲಗೈಯವರು ಎಳೆಯುವ ಗೆರೆಯನ್ನು ಅವರು ತಳ್ಳಬೇಕು, ಮತ್ತು ಅವರ ಕೈ ಹಸಿ ಶಾಯಿಯ ಮೇಲೆಯೇ ಸಾಗುತ್ತದೆ. ಅವರು ಬಿಡಿಸಿ ಬರೆದ ಪತ್ರದಲ್ಲಿ ಪ್ರೀತಿ ಕಡಿಮೆಯಿದೆಯೆಂದು ಭಾವಿಸುವುದು ದೊಡ್ಡ ಅನ್ಯಾಯ.

ಈಗ ಆ ಹದಿಮೂರು ವರ್ಷದ ಓದುಗಾರ್ತಿಯ ಬಳಿಗೆ ಬರುತ್ತೇನೆ, ಏಕೆಂದರೆ ನನ್ನ ತೀರ್ಮಾನ ನಿಂತದ್ದು ಅವಳ ಮೇಲೆ. ಅವಳಂತಹ ಮಕ್ಕಳು ಈಗ ಅನೇಕ ದೇಶಗಳಲ್ಲಿದ್ದಾರೆ. ಅಮೆರಿಕದ ಹಲವು ರಾಜ್ಯಗಳು ಒಪ್ಪಿಕೊಂಡ 2010ರ ಸಮಾನ ಕಲಿಕಾ ಮಾನದಂಡಗಳಲ್ಲಿ ಕೂಡುಬರಹದ ಪ್ರಸ್ತಾಪವೇ ಇರಲಿಲ್ಲ. ಫಿನ್‌ಲೆಂಡ್ 2016ರಿಂದ ಅದನ್ನು ಕಡ್ಡಾಯ ಕಲಿಕೆಯಿಂದ ಕೈಬಿಟ್ಟಿತು. ಅಮೆರಿಕದ ಕೆಲವು ರಾಜ್ಯಗಳು ಅದನ್ನು ಮರಳಿ ತಂದಿವೆ, ಕ್ಯಾಲಿಫೋರ್ನಿಯಾ 2023ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಫ್ರಾನ್ಸಿನ ಮಕ್ಕಳು ಇಂದಿಗೂ ಮೊದಲ ತರಗತಿಗಳಿಂದಲೇ ಕೂಡಿಸಿ ಬರೆಯುತ್ತಾರೆ. ಆದರೂ ನಡುವೆ ಒಂದು ತಲೆಮಾರು ಅದನ್ನು ಕಲಿಯದೆ ಬೆಳೆದಿದೆ. ಬರೆಯಲು ಬಾರದಿರುವುದು ಸಣ್ಣ ನಷ್ಟ. ಓದಲು ಬಾರದಿರುವುದು ದೊಡ್ಡದು.

ಅದು ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಜರ್ಮನಿಯ ಉದಾಹರಣೆ ನನ್ನನ್ನು ಕಾಡುತ್ತದೆ. ಅಲ್ಲಿ ಶತಮಾನಗಳಿಂದ ಬೇರೆಯೇ ಒಂದು ಮೊನಚು ಕೂಡುಬರಹ ಬಳಕೆಯಲ್ಲಿತ್ತು. ಅದರ ‘ಇ’ ಅಕ್ಷರ ಹೊರಗಿನವರ ಕಣ್ಣಿಗೆ ‘ಎನ್’ನಂತೆಯೇ ಕಾಣುತ್ತದೆ. ಲುಡ್ವಿಗ್ ಸುಟರ್ಲಿನ್ ಅದನ್ನು ಮಕ್ಕಳಿಗಾಗಿ ಸರಳಗೊಳಿಸಿ ರೂಪಿಸಿದ ಬರಹ 1915ರಿಂದ ಅಲ್ಲಿನ ಪ್ರಷ್ಯ ರಾಜ್ಯದ ಶಾಲೆಗಳಿಗೆ ಬಂತು. 1941ರಲ್ಲಿ ನಾಜಿ ಸರ್ಕಾರದ ಒಂದು ಆದೇಶದಿಂದ ಆ ಬರಹದ ಕಲಿಕೆ ನಿಂತಿತು. ಭಾಷೆ ಬದಲಾಗಲಿಲ್ಲ, ಪದಗಳು ಬದಲಾಗಲಿಲ್ಲ. ಆದರೂ ಅಜ್ಜ ಅಜ್ಜಿಯರು ಒಬ್ಬರಿಗೊಬ್ಬರು ಬರೆದ ಪತ್ರಗಳ ಕಟ್ಟನ್ನು ಪೆಟ್ಟಿಗೆಯಿಂದ ತೆಗೆದ ಮೊಮ್ಮಕ್ಕಳಿಗೆ, ತಮ್ಮದೇ ಮಾತೃಭಾಷೆಯಲ್ಲಿರುವ ಆ ಪತ್ರಗಳನ್ನು ಓದಲು ಇನ್ನೊಬ್ಬರ ನೆರವು ಬೇಕಾಗಿದೆ. ಮುದ್ರಿತ ಪುಸ್ತಕವನ್ನು ಹೊಸ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಬಹುದು, ಪತ್ರಕ್ಕೆ ಇರುವುದು ಒಂದೇ ಪ್ರತಿ. ನಾನು ಬರೆಯಲಿರುವ ಹಾಳೆ ಆ ಮನೆಯ ಯಾವುದೋ ಡಬ್ಬಿಯಲ್ಲಿ ಉಳಿಯಬಹುದು. ಮೂವತ್ತು ವರ್ಷಗಳ ಮೇಲೆ ಅದನ್ನು ಕೈಗೆತ್ತಿಕೊಳ್ಳುವವಳು ಆ ಹುಡುಗಿಯೇ.

ಕನ್ನಡದಲ್ಲಿ ಒಂದು ಮಾತನ್ನು ಅರ್ಥವಾಗುವಂತೆ ಹೇಳೆಂದು ಕೇಳುವಾಗ ನಾವು ‘ಬಿಡಿಸಿ ಹೇಳು’ ಎನ್ನುತ್ತೇವೆ. ಬಿಡಿಸುವುದರಲ್ಲಿ ಕೇಳುವವರ ಬಗ್ಗೆ ಒಂದು ತಾಳ್ಮೆ ಇದೆ. ಗಂಟನ್ನು ಅವರ ಕೈಗೆ ಕೊಡದೆ, ನಾವೇ ಬಿಚ್ಚಿ ಕೊಡುವ ತಾಳ್ಮೆ. ಅಲ್ಲಿಯವರೆಗೆ ಬಿಡಿಬರಹದಲ್ಲಿ ಅರ್ಜಿಯ ಚೌಕಗಳನ್ನಷ್ಟೇ ಕಂಡಿದ್ದ ನನಗೆ, ಆ ಪದ ನೆನಪಾದ ಮೇಲೆ ಅದನ್ನು ಬೇರೆ ರೀತಿಯಲ್ಲಿ ನೋಡಲು ಸಾಧ್ಯವಾಯಿತು. ಅರ್ಜಿಯಂತೆ ಕಾಣುವುದಕ್ಕೆ ಬಿಡಿ ಅಕ್ಷರವಲ್ಲ, ದೊಡ್ಡಕ್ಷರಗಳೂ ಬಿಗಿಯಾದ ಅಂತರವೂ ಕಾರಣವೆಂದು ಹೊಳೆಯಿತು. ಗೆರೆ ಹಾಕಿದ ಹಾಳೆಯೊಂದನ್ನು ಕಾಗದದ ಕೆಳಗಿಟ್ಟು, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು, ಅಕ್ಷರಗಳನ್ನು ತುಸುವೇ ಓರೆಯಾಗಿಸಿ ಬರೆದೆ. ಕೈ ತಾನಾಗಿ ಕೂಡಿಸಬಯಸಿದಲ್ಲಿ, ‘ಐ’ಯಿಂದ ‘ಎನ್’ಗೆ, ‘ಎ’ಯಿಂದ ‘ಐ’ಗೆ, ಗೆರೆ ಕೆಳಗಿನಿಂದ ಸರಳವಾಗಿ ಸಾಗುವಲ್ಲಿ, ತಡೆಯಲಿಲ್ಲ. ‘ಓ’ ಮತ್ತು ‘ಬಿ’ಗಳ ನಂತರ ಪ್ರತಿಸಲವೂ ಪೆನ್ನನ್ನು ಎತ್ತಿದೆ. ‘ಎಲ್’, ‘ಎಚ್’ಗಳ ತಲೆಯ ಕುಣಿಕೆಗಳನ್ನು ಬಿಟ್ಟು ನೇರ ಗೆರೆ ಎಳೆದೆ. ಹೆಸರುಗಳನ್ನು, ತಾರೀಖನ್ನು, ಊರಿನ ಹೆಸರನ್ನು ಪೂರ್ತಿ ಬಿಡಿಯಾಗಿ ಬರೆದೆ, ಏಕೆಂದರೆ ಬೇರೆ ಪದಗಳನ್ನು ಸಂದರ್ಭದಿಂದ ಊಹಿಸಬಹುದು, ಹೆಸರನ್ನು ಊಹಿಸಲಾಗದು. ಮಳೆಯ ನೆನಪಿನ ಪ್ಯಾರಾಕ್ಕೆ ಕೂಡುಬರಹದ ಹಾಳೆಯ ಉದ್ದ ವಾಕ್ಯವನ್ನೇ ತೆಗೆದುಕೊಂಡು, ಅದರೊಳಕ್ಕೆ ಬಿಡಿಬರಹ ನೆನಪಿಸಿಕೊಟ್ಟ ಎಡ ಭುಜವನ್ನು ಸೇರಿಸಿದೆ. ಎರಡೂ ಕರಡುಗಳಿಗೆ ಹೀಗೆ ಪತ್ರದಲ್ಲಿ ಪಾಲು ಸಿಕ್ಕಿತು.

ಬರೆದು ಮುಗಿಸಿದ ಮೇಲೂ ಪತ್ರ ಮುಗಿದಿರಲಿಲ್ಲ. ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಬಹುದಾದದ್ದನ್ನೆಲ್ಲ ಬರೆದಾಗಿತ್ತು. ಆದರೆ ಆ ಹಿರಿಯರಿಗೆ ಮಾತ್ರ ಹೇಳಬೇಕಾದ ಒಂದು ಮಾತು ಉಳಿದಿತ್ತು, ಬಹಳ ವರ್ಷಗಳ ಹಿಂದೆ ಅವರು ತಮ್ಮ ಸಂಸಾರದ ಬಗ್ಗೆ ನನ್ನೊಡನೆ ಹಂಚಿಕೊಂಡಿದ್ದ ಒಂದು ಚಿಂತೆಗೆ ಸಂಬಂಧಿಸಿದ್ದು. ಅದನ್ನು ಮಗುವಿನ ಬಾಯಿಂದ ಕೇಳಿಸಿಕೊಳ್ಳುವುದು ಅವರಿಗೆ ಇಷ್ಟವಾಗಲಾರದು. ಅವರು ನನ್ನ ಕರಡುಗಳನ್ನು ತಿದ್ದುತ್ತಿದ್ದದ್ದು ಕೂಡುಬರಹದಲ್ಲಿ. ಬಲಕ್ಕೆ ಬಾಗಿದ, ಎಲ್ಲಿಯೂ ಕಡಿಯದ ಹಸಿರು ಶಾಯಿಯ ಆ ಗೆರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೊಸ ಹಾಳೆಯೊಂದನ್ನು ತೆಗೆದುಕೊಂಡು, ಅಗಲವಾದ ನಿಬ್ಬಿನ ಪೆನ್ನಿನಲ್ಲಿ, ಒಂದು ಸಾಲಿಗೆ ಎರಡು ಸಾಲುಗಳ ಎತ್ತರ ಕೊಟ್ಟು, ಭೂತಗನ್ನಡಿಯ ಕೆಳಗೆ ಕಷ್ಟವಿಲ್ಲದೆ ಕಾಣುವಷ್ಟು ದೊಡ್ಡದಾಗಿ, ಆ ಮಾತನ್ನು ಶಾಲೆಯಲ್ಲಿ ಕಲಿತ ಪೂರ್ತಿ ಕೂಡುಬರಹದಲ್ಲಿ ನಿಧಾನವಾಗಿ ಬರೆದೆ. ‘ಎನ್’ಗಳ ತಲೆಯನ್ನು ಗುಂಡಗೆ ಮಾಡಿದೆ, ‘ಐ’ಗಳ ಚುಕ್ಕಿಗಳನ್ನು ಅವುಗಳ ನೆತ್ತಿಯ ಮೇಲೆಯೇ ಇಟ್ಟೆ. ಮೂರು ಸಾಲು ಆಯಿತು. ಶಾಯಿ ಆರುವವರೆಗೆ ಕಾದು, ಆ ಹಾಳೆಯನ್ನು ಬೇರೆಯಾಗಿ ಮಡಚಿ, ಮೊದಲ ಹಾಳೆಯ ಒಳಗಿಟ್ಟು ಲಕೋಟೆಯನ್ನು ಅಂಟಿಸಿದೆ.